ಯಾರೂ ಮೇಯಿಸದ ಹುಲ್ಲಿನ ಕಡೆಗೆ

ಅಮೆರಿಕಕ್ಕೆ ಹೋಗಿ ಬಂದ ಮೇಲೆ ಕೊಟ್ಟೂರು ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯವನು ನನ್ನನ್ನು ಮೊದಲು ಕೇಳಿದ್ದು, "ಆ ದೊಡ್ಡ ಜಲಪಾತ ನೋಡಿದ್ರೇನ್ರಿ ಸರ?" ಅಂತ. ಇಲ್ಲ ಎಂದೆ. ಮುಗಿಲು ಮುಟ್ಟುವ ಕಟ್ಟಡ? ಅದೂ ಇಲ್ಲ.

"ಮತ್ತೇನ್ ನೋಡಿ ಬಂದ್ರಿ?"

"ಎರಡು ಕುದುರೆ, ಒಂದು ಟ್ರೇಲರು."

ಅವನು ಕೆಟಲು ಕೆಳಗಿಟ್ಟು ನಕ್ಕ. "ಕುದುರಿ ನೋಡಾಕ ಅಷ್ಟು ದೂರ ಹೋಗಿದ್ರೇನ್ರಿ? ನಮ್ ಜಟಕಾ ಸ್ಟ್ಯಾಂಡಿನಾಗ ನಿಂತಾವಲ್ರಿ, ಪುಕ್ಕಟ ನೋಡಬೌದಿತ್ತು."

ನಾನೂ ನಕ್ಕೆ. ಹೇಳುವುದಾದರೆ ಪೂರ್ತಿ ಹೇಳಬೇಕಿತ್ತು, ಅಲ್ಲಿ ನಿಂತುಕೊಂಡು ಹೇಳುವ ಮಾತು ಅದಾಗಿರಲಿಲ್ಲ. ಈಗ ಬರೆಯುತ್ತಿದ್ದೇನೆ. ಓದುವವರಿಗೆ ಒಂದು ವಿಷಯ ಮೊದಲೇ ತಿಳಿಸುವುದು ಒಳ್ಳೆಯದು. ನಾನು ಹೊಸಪೇಟೆಯ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಹೇಳಿಕೊಡುವವನು. ಧಾರವಾಡದಲ್ಲಿ ಓದುವಾಗಿನಿಂದ ಯಾವುದನ್ನೂ ಸಾಕ್ಷಿಯಿಲ್ಲದೆ ಒಪ್ಪದ ಅಭ್ಯಾಸ ಹತ್ತಿದೆ. ಆದರೆ ನನ್ನ ಸ್ವಂತ ನೆನಪಿಗೆ ಸಾಕ್ಷಿ ಕೇಳಿದರೆ ಅದು ಪ್ರತಿ ಸಲವೂ ಕಟಕಟೆಯಲ್ಲಿ ತಡವರಿಸುತ್ತದೆ. ಆದ್ದರಿಂದ ಇಲ್ಲಿ ಬರುವುದೆಲ್ಲ ನಡೆದದ್ದೇ ಎಂದು ಪ್ರಮಾಣ ಮಾಡಲಾರೆ. ಬಹುಪಾಲು ನಡೆದದ್ದು.

ಮಾರ್ಥಾಳ ಹಿತ್ತಲು

ನಮ್ಮದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಹತ್ತಿರ ಕುರಿ ಸಾಕಿಕೊಂಡಿದ್ದ ಮನೆ. ಸುಗ್ಗಿ ಮುಗಿದು ಹೊಲಗಳು ಬಯಲಾದ ಕೂಡಲೇ ಅಪ್ಪ ಹಿಂಡು ಹೊರಡಿಸುತ್ತಿದ್ದ. ಕೊಟ್ಟೂರು ದಾಟಿ ಕೂಡ್ಲಿಗಿಯ ಕಲ್ಲುಗುಡ್ಡಗಳ ಬುಡಕ್ಕೆ, ಅಲ್ಲಿಂದ ಹಗರಿಬೊಮ್ಮನಹಳ್ಳಿ, ಹಡಗಲಿ, ಕೊನೆಗೆ ಹಲವಾಗಲಿನ ಹೊಳೆದಂಡೆ. ಮಳೆ ಬಿದ್ದ ಸುದ್ದಿ ಬಂದರೆ ಮನೆ. ಐದು ತಾಲ್ಲೂಕುಗಳೂ ಅಪ್ಪನಿಗೆ ಊರುಗಳಾಗಿರಲಿಲ್ಲ. ಹುಲ್ಲು ಇರುವ ಕಡೆ, ಹುಲ್ಲು ಇಲ್ಲದ ಕಡೆ, ಅಷ್ಟೇ.

ಹಿಂಡಿನ ಜೊತೆ ಒಂದು ಹೇರಿನ ಕುದುರೆ. ಅದರ ಮೇಲೆ ಕಂಬಳಿ, ಪಾತ್ರೆ, ಹಿಟ್ಟಿನ ಚೀಲ, ಮೈಲಾರಲಿಂಗನ ಭಂಡಾರದ ಗಂಟು, ಅಂದರೆ ದೇವರ ಅರಿಶಿಣ. ಅವುಗಳ ನಡುವೆ ನಡೆಯಲಾರದ ಮರಿಗಳು. ಮರಿಗಳ ನಡುವೆ ನಾನು. ನನಗಿಂತ ಏಳೆಂಟು ವರ್ಷ ದೊಡ್ಡವಳಾದ ಅಕ್ಕ ಮೈಲವ್ವ ಹಿಂದೆ ನಡೆದು ಬರುತ್ತಿದ್ದಳು. ದೇವರ ಗಂಟು ಹೊತ್ತ ಕುದುರೆಯ ಮೇಲೆ ಹೆಣ್ಣುಮಕ್ಕಳನ್ನು ಕೂರಿಸುವ ರೂಢಿ ನಮ್ಮಲ್ಲಿರಲಿಲ್ಲ. ಹಿಂದೆ ಬಿದ್ದ ಮರಿಯನ್ನು ಎತ್ತಿಕೊಂಡು ಬರುವುದು ಅವಳ ಕೆಲಸ.

ಅಪ್ಪನ ಕಾಲಿನ ಹುಣ್ಣಿಗೆಂದು ಬಳ್ಳಾರಿಯ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಜೊತೆಗಿದ್ದ ಅಕ್ಕ ಅಲ್ಲಿಯ ಹಿರಿಯ ನರ್ಸೊಬ್ಬರ ಕಣ್ಣಿಗೆ ಬಿದ್ದಳು. ಅವರ ಆಸರೆಯಲ್ಲೇ ಓದಿ ನರ್ಸ್ ಆದಳು. ಅಪ್ಪ ಅವ್ವ ಇಬ್ಬರೂ ತೀರಿಕೊಂಡ ಮೇಲೆ ಅದೇ ದಾರಿ ಅವಳನ್ನು ಅಮೆರಿಕದ ಕೊಲೊರಾಡೊ ರಾಜ್ಯದ ಒಂದು ಸಣ್ಣ ಊರಿಗೆ ಒಯ್ದಿತು. ಮದುವೆ ಆಗಲಿಲ್ಲ. ನನ್ನನ್ನು ಓದಿಸಿದವಳು ಅವಳೇ. ಒಂದು ದಿನ ನಮ್ಮ ಕಾಲೇಜಿನ ಫೋನಿಗೆ ಅವಳ ಕರೆ ಬಂತು.

"ಬೀರಾ, ಹೊಟ್ಯಾಗ ಗಡ್ಡಿ ಆಗೇತಿ. ಈ ಬ್ಯಾಸಗಿ ದಾಟೂದು ಕಷ್ಟ ಅಂತಾರ ಇಲ್ಲಿ. ಟಿಕೀಟು ಕಳಸೀನಿ, ಬಾ. ಕುದುರಿ ಮ್ಯಾಲ ಹೋಗೂದೈತಿ."

ಮೊದಲಿನ ಮಾತುಗಳು ಅರ್ಥವಾದವು. ಕೊನೆಯದು ಅಲ್ಲಿಗೆ ಹೋಗುವ ತನಕ ಅರ್ಥವಾಗಲಿಲ್ಲ.

ಮಾರ್ಥಾ ಅಕ್ಕನ ಜೊತೆ ಕೆಲಸ ಮಾಡಿ ನಿವೃತ್ತಳಾದ ನರ್ಸು. ಅರವತ್ತು ದಾಟಿದ ಎತ್ತರದ ಹೆಂಗಸು, ಗಂಡ ಇಲ್ಲ. ಊರ ಹೊರಗಿನ ಅವಳ ಮನೆಯ ಹಿತ್ತಲಲ್ಲಿ ಎರಡು ಕುದುರೆಗಳಿದ್ದವು. ಮುದಿಯಾದ ಬೂದು ಬಣ್ಣದ ಗಂಡು ಡ್ಯೂಕ್, ಸ್ವಲ್ಪ ತುಂಟಿಯಾದ ಕಂದು ಹೆಣ್ಣು ರೋಸಿ. ಇಬ್ಬರು ನರ್ಸುಗಳೂ ಒಟ್ಟಿಗೆ ರಾತ್ರಿಪಾಳಿ ಮಾಡುತ್ತಿದ್ದ ಕಾಲದಲ್ಲಿ ಮಾರ್ಥಾ ಅಕ್ಕನಿಗೆ ಒಂದು ಸರೋವರದ ವಿಷಯ ಹೇಳುತ್ತಿದ್ದಳಂತೆ. ಪಕ್ಕದ ವಯೋಮಿಂಗ್ ರಾಜ್ಯದ ಬೆಟ್ಟಗಳಲ್ಲಿ, ರಸ್ತೆ ಮುಗಿಯುವಲ್ಲಿ ಟ್ರೇಲರು ನಿಲ್ಲಿಸಿ, ಡೇರೆ ಹಾಕಿ, ಮರುದಿನ ಕುದುರೆಯ ಮೇಲೆ ಹತ್ತಿ ಹೋಗಬೇಕಾದ ಜಾಗ.

"ಹುಲ್ಲೈತಂತೋ ಬೀರ," ಎಂದಳು ಅಕ್ಕ. ಅವಳ ಮುಖ ತೆಳ್ಳಗಾಗಿ ಅವ್ವನ ಮುಖದಂತೆ ಕಾಣುತ್ತಿತ್ತು. "ಕೆರಿ ಸುತ್ತ ಮೊಣಕಾಲ ಮಟ ಹುಲ್ಲು. ಯಾರೂ ಮೇಯಿಸದ ಹುಲ್ಲು. ಅಪ್ಪ ಇದ್ದಿದ್ರ ನಂಬ್ತಿದ್ದನೇನು?"

ಒಂದು ಸೂಜಿಗೂ ಮುಂದಿನ ಸೂಜಿಗೂ ನಡುವೆ ಅವಳಿಗೆ ಕೆಲವು ಒಳ್ಳೆಯ ದಿನಗಳು ಸಿಗುತ್ತಿದ್ದವು. ಆ ದಿನಗಳಲ್ಲಿ ಹೋಗಿ ಬಂದುಬಿಡಬೇಕು, ಬೇಸಿಗೆಯ ಕೊನೆಗೆ ಇನ್ನೊಂದು ಅವಕಾಶ ಇರಲಾರದು ಎಂದು ಇಬ್ಬರು ನರ್ಸುಗಳೂ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿದ್ದರು.

ಅಪ್ಪ ಹೊರಡುವಾಗ ಆಕಾಶ ನೋಡುತ್ತಿದ್ದ, ಒಮ್ಮೆ ಉಗುಳುತ್ತಿದ್ದ, ಕುದುರೆಯ ಹಣೆಗೆ ಭಂಡಾರ ಹಚ್ಚುತ್ತಿದ್ದ, ಹೊರಡುತ್ತಿದ್ದ. ಮಾರ್ಥಾ ಹಾಗಲ್ಲ. ಟ್ರೇಲರಿನ ಹಲಗೆಗಳನ್ನು ಒಂದೊಂದಾಗಿ ಮೆಟ್ಟಿ ನೋಡಿದಳು. ಕೊಂಡಿಗೆ ಸರಪಳಿ ಹಾಕಿ ಜಗ್ಗಿದಳು. ನನ್ನನ್ನು ಹಿಂದೆ ನಿಲ್ಲಿಸಿ ದೀಪ ಹತ್ತುತ್ತವೋ ಇಲ್ಲವೋ ಎಂದು ಕೂಗಿ ಕೇಳಿದಳು. ಪಶುವೈದ್ಯರಿಂದ ಎರಡೂ ಕುದುರೆಗಳಿಗೆ ಆರೋಗ್ಯದ ಕಾಗದ ಬರೆಸಿ ತಂದಿದ್ದಳು. ನಾನು ಪಾಸ್‌ಪೋರ್ಟಿಗೆ ಬಳ್ಳಾರಿಗೆ ಅಲೆದದ್ದು ನೆನಪಾಗಿ ಕುದುರೆಗಳ ಬಗ್ಗೆ ಮರುಕ ಬಂತು.

ಸಂಜೆಯಾದರೆ ಅವಳು ಕುದುರೆಗಳನ್ನು ಟ್ರೇಲರಿನ ಒಳಗೆ ಹತ್ತಿಸಿ ಅಲ್ಲೇ ಮೇವು ಹಾಕುವಳು. ಅವಳ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವಳಿಗೆ ಕಾಲು.

"ಏನಂತಾಳಕ್ಕ?"

"ಆ ಡಬ್ಬಿ ಅದಕ್ಕ ತನ್ನ ಮನಿ ಅನ್ಸಬೇಕಂತ. ಇಲ್ಲಾಂದ್ರ ಹೊಂಡೂ ದಿನ ಹತ್ತಂಗಿಲ್ಲಂತ. ಅದಕ್ಕ ದಿನಾ ಒಳಗ ಉಣಸ್ತಾಳ."

"ಎಷ್ಟು ದಿನದಿಂದ?"

"ನಂಗ ಗಡ್ಡಿ ಐತಿ ಅಂತ ಗೊತ್ತಾದಾಗಿಂದ," ಎಂದಳು ಅಕ್ಕ, ಮಳೆ ಬಿಸಿಲಿನ ಮಾತಾಡುವಂತೆ.

ಡ್ಯೂಕ್‌ನ ಬೂದು ಮೈ ನೋಡಿ ನಾನು, "ನಮ್ ಕುದುರಿನೂ ಹಿಂಗ ಬೆಳ್ಳಗಿತ್ತಲ್ಲಕ್ಕ" ಎಂದೆ.

"ಯಾವ ಬೆಳ್ಳಗಲೇ? ಕೆಂದು ಕುದುರಿ ಅದು."

"ನಂಗ ಚೆಂದಾಗಿ ನೆನಪೈತಿ."

"ನೀ ಮ್ಯಾಲ ಕುಂತಿದ್ದಿ. ಮ್ಯಾಲ ಕುಂತಾವ್ರಿಗೆ ಕುದುರಿ ಕಾಣ್ತೈತೇನು? ಹಿಂದ ಇದ್ದಾಕಿ ನಾನು."

ಹಲವಾಗಲಿನ ಹೊಳೆಯಲ್ಲಿ ಕುದುರೆ ಈಜಿ ದಾಟಿದ್ದನ್ನು ಹೇಳಿದೆ. ನಾನು ಅದರ ಕುತ್ತಿಗೆ ಹಿಡಿದುಕೊಂಡಿದ್ದೆ, ನೀರು ನನ್ನ ಎದೆಗೆ ಬಂದಿತ್ತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುವುದು ನೋಯುತ್ತಿದ್ದರೂ. "ಬ್ಯಾಸಗಿ ಹೊಳಿ ಅದು! ಮರಿ ಸೈತ ನಡಕೊಂತ ದಾಟಿದ್ವು. ಈಜಿತಂತ! ಕಾಲೇಜಿನ ಹುಡುಗ್ರಿಗೂ ಇಂಥವ ಹೇಳ್ತಿಯೇನು?"

ಹೀಗೆ ನನ್ನ ಬಾಲ್ಯ ಆ ಹಿತ್ತಲಲ್ಲಿ ದಿನಕ್ಕಿಷ್ಟರಂತೆ ಸಣ್ಣದಾಗುತ್ತ ಹೋಯಿತು. ಬೇಸರವೇನೂ ಆಗಲಿಲ್ಲ. ತಿದ್ದುವವರು ಇದ್ದರೆ ತಪ್ಪು ನೆನಪಿಟ್ಟುಕೊಳ್ಳುವುದೂ ಒಂದು ಸುಖವೇ.

ಗಡಿಯ ಚೆಕ್‌ಪೋಸ್ಟ್

ಹೊರಟ ಬೆಳಿಗ್ಗೆ ಮಾರ್ಥಾ ಒಳಗೆ ಫ್ಲಾಸ್ಕಿಗೆ ಕಾಫಿ ತುಂಬುತ್ತಿದ್ದಾಗ ಅಕ್ಕ ಟ್ರೇಲರಿನ ಹತ್ತಿರ ಹೋದಳು. ಕೋಟಿನ ಕಿಸೆಯಿಂದ ಒಂದು ಬಟ್ಟೆಯ ಗಂಟು ತೆಗೆದು ಎರಡೂ ಕುದುರೆಗಳ ಹಣೆಗೆ ಭಂಡಾರ ಬಳಿದಳು. ಅಪ್ಪನ ಗಂಟು. ಅಷ್ಟು ವರ್ಷ ಅದು ಅವಳ ಹತ್ತಿರವೇ ಇತ್ತೆಂದು ನನಗೆ ಗೊತ್ತಿರಲಿಲ್ಲ.

"ನೀನೂ ನಂಬ್ತಿಯೇನಕ್ಕ ಇದನ್ನ?"

"ನಂಬೂದು ಗಿಂಬೂದು ನಿನ್ ಕಾಲೇಜಿನ ಮಾತು. ಹೊಂಡೂ ಮುಂದ ಹಚ್ಚಬೇಕು, ಹಚ್ಚೀನಿ." ಉಳಿದದ್ದನ್ನು ನನ್ನ ಹಣೆಗೂ ಒರೆಸಿದಳು.

ರೋಸಿಯ ಕಂದು ಹಣೆಯ ಮೇಲೆ ಅದು ಅಷ್ಟಾಗಿ ಕಾಣುತ್ತಿರಲಿಲ್ಲ. ಡ್ಯೂಕ್‌ನ ಬೂದು ಹಣೆಯ ಮೇಲೆ ಹಳದಿ ಎದ್ದು ಕಾಣುತ್ತಿತ್ತು. ಸೆಕೆಗೆ ಬೆವರಿ, ಆ ಹಳದಿ ಕಣ್ಣಿನ ಕೆಳಗೆ, ಮೂಗಿನ ತನಕ ಇಳಿಯಿತು.

ವಯೋಮಿಂಗ್ ಗಡಿಯಲ್ಲಿ ಜಾನುವಾರು ಸಾಗಿಸುವ ಗಾಡಿಗಳನ್ನು ನಿಲ್ಲಿಸಿ ನೋಡುತ್ತಾರೆ. ನಮ್ಮ ಚೆಕ್‌ಪೋಸ್ಟಿನಂತೆ ಅಡ್ಡಗಂಬ ಇಲ್ಲ, ಬೀಡಿ ಸೇದುವ ಪೊಲೀಸರಿಲ್ಲ. ಅಗಲ ಅಂಚಿನ ಟೋಪಿ ಹಾಕಿದ ಒಬ್ಬ ಅಧಿಕಾರಿ, ಬಹಳ ಮರ್ಯಾದೆಯ ಮನುಷ್ಯ, ಕಾಗದ ನೋಡಿದ, ತಲೆಯಾಡಿಸಿದ, ಟ್ರೇಲರಿನ ಹಿಂದಿನ ಬಾಗಿಲು ತೆಗೆಸಿದ. ಒಳಗೆ ಹತ್ತಿದವನು ಬಹಳ ಹೊತ್ತು ಹೊರಗೇ ಬರಲಿಲ್ಲ. ಬಂದಾಗ ಅವನ ಬೆರಳು ಹಳದಿಯಾಗಿತ್ತು.

ಇದು ಯಾವ ಔಷಧಿ, ಯಾವ ರೋಗಕ್ಕೆ ಹಚ್ಚಿದ್ದು, ಕಾಗದದಲ್ಲಿ ಯಾಕೆ ಬರೆದಿಲ್ಲ ಎಂದು ಕೇಳಿದ. ಮಾರ್ಥಾ ಅಕ್ಕನ ಕಡೆ ತಿರುಗಿದಳು. ಅಕ್ಕ ಕಾರಿನಿಂದ ಇಳಿದು, ಇದು ನಮ್ಮ ದೇವರದು, ದಾರಿಗೆ ಒಳ್ಳೆಯದಾಗಲಿ ಎಂದು ಹಚ್ಚಿದ್ದು ಎಂದಳು. ಆತ ನನ್ನ ಹಣೆ ನೋಡಿದ. ಡ್ಯೂಕ್‌ನ ಹಣೆ ನೋಡಿದ. ಮತ್ತೆ ನನ್ನ ಹಣೆ ನೋಡಿದ. ಒಂದೇ ರೋಗ ಇಬ್ಬರಿಗೂ ಹತ್ತಿದೆ ಎಂದು ಅವನಿಗೆ ಅನ್ನಿಸಿದ್ದರೆ ತರ್ಕದ ಪ್ರಕಾರ ತಪ್ಪಿಲ್ಲ.

ಪಶುವೈದ್ಯರು ಬಂದು ನೋಡುವ ತನಕ ಕುದುರೆಗಳು ಮುಂದೆ ಹೋಗುವಂತಿಲ್ಲ ಎಂದ. ವೈದ್ಯರು ಇದ್ದದ್ದು ಬೇರೆ ಊರಿನಲ್ಲಿ.

ಬಿಸಿಲು ಏರಿತು. ಮಧ್ಯಾಹ್ನದೊಳಗೆ ಬೆಟ್ಟದ ಬುಡ ಸೇರಿ, ಅಕ್ಕನನ್ನು ಸಂಜೆಯ ತನಕ ಮಲಗಿಸಿ, ಮರುದಿನಕ್ಕೆ ಅಣಿ ಮಾಡುವುದು ಮಾರ್ಥಾಳ ಯೋಚನೆಯಾಗಿತ್ತು. ಅವಳು ಒಂದೇ ಸಮನೆ ಗಡಿಯಾರ ನೋಡಿಕೊಳ್ಳುತ್ತಿದ್ದಳು. ಅಕ್ಕ ಕಾರಿನ ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿ ಮಲಗಿದ್ದಳು. ನೋವು ಬಂದಾಗ ಉಸಿರು ಬಿಗಿಹಿಡಿಯುತ್ತಿದ್ದದ್ದು ಗೊತ್ತಾಗುತ್ತಿತ್ತು. ನೋವು ಇಳಿದ ಮೇಲೆ ಅಂದಳು, "ನಮ್ ಮೈಲಾರಲಿಂಗ ಎಂಥಾವ ನೋಡು. ದಾರಿ ಕಾಯಪ್ಪಾ ಅಂದ್ರ ದಾರ್ಯಾಗ ನಿಂತು ಕಾಯಾಕ ಹತ್ತ್ಯಾನ."

ಬಂದ ವೈದ್ಯರು ಬಹಳ ವಯಸ್ಸಾದವರು. ಡ್ಯೂಕ್‌ನ ಹಣೆಯನ್ನು ಬೆರಳಿನಿಂದ ಒರೆಸಿ ಮೂಸಿದರು. ಆಮೇಲೆ ನಾವೆಲ್ಲ ನೋಡುತ್ತಿದ್ದಂತೆ ಬೆರಳನ್ನು ನೆಕ್ಕಿದರು.

"ಇದನ್ನು ನನ್ನ ಹೆಂಡತಿ ಸೌತೆಕಾಯಿ ಉಪ್ಪಿನಕಾಯಿಗೆ ಹಾಕುತ್ತಾಳೆ," ಎಂದರು.

ಟೋಪಿಯ ಅಧಿಕಾರಿ ನಾಚಿಕೊಂಡು ಹತ್ತು ಸಲ ಕ್ಷಮೆ ಕೇಳಿದ, ಅಕ್ಕನ ಕಾರಿನ ಬಾಗಿಲನ್ನು ತಾನೇ ಮುಚ್ಚಿದ. ನಾವು ಹೊರಟಾಗ ಹೊತ್ತು ಇಳಿಮುಖವಾಗಿತ್ತು.

ರಸ್ತೆ ಮುಗಿಯುವ ಜಾಗ

ಬೆಟ್ಟದ ಬುಡ ಸೇರಿದಾಗ ಸಂಜೆ. ಸುತ್ತ ನೆಟ್ಟಗೆ ನಿಂತ ಪೈನ್ ಮರಗಳು, ಪಕ್ಕದಲ್ಲಿ ಒಂದು ಹಳ್ಳ. ಮಾರ್ಥಾ ಎರಡು ಮರಗಳ ನಡುವೆ ಎತ್ತರಕ್ಕೆ ಹಗ್ಗ ಬಿಗಿದು ಕುದುರೆಗಳನ್ನು ಅದಕ್ಕೆ ಕಟ್ಟಿದಳು. ರೋಸಿಯ ಮುಂಗಾಲುಗಳಿಗೆ ಗಿಡ್ಡ ಹಗ್ಗ ಹಾಕಿ ಸ್ವಲ್ಪ ಹೊತ್ತು ಮೇಯಲು ಬಿಟ್ಟಳು. ಅಪ್ಪನೂ ಹೀಗೇ ಹಾಕುತ್ತಿದ್ದ. ಹಾಗೆಂದು ಅಕ್ಕನನ್ನು ಕೇಳಿ ಖಚಿತ ಮಾಡಿಕೊಂಡೆ. ಈ ಸಲ ನನ್ನ ನೆನಪು ಪಾಸಾಯಿತು.

ಡೇರೆ ಹಾಕುವುದರಲ್ಲಿ ನಾನು ಏನೇನು ತಪ್ಪು ಮಾಡಿದೆನೆಂದು ಬರೆಯುವುದಿಲ್ಲ. ಅಕ್ಕ ಕಲ್ಲಿನ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದಳು. "ತರ್ಕಶಾಸ್ತ್ರದಾಗ ಗೂಟ ಬಡಿಯೂದು ಬರಂಗಿಲ್ಲೇನೋ?"

ಮಾರ್ಥಾ ಸ್ಟೌವ್ ಹೊತ್ತಿಸಿ ಹುರುಳಿಕಾಯಿಯ ಸಾರಿನಂಥದ್ದೇನೋ ಮಾಡಿದಳು. ಅಕ್ಕ ಮನೆಯಿಂದ ರೊಟ್ಟಿ ತಟ್ಟಿಕೊಂಡು ಬಂದಿದ್ದಳು, ಜೋಳದ ಹಿಟ್ಟು ಅಲ್ಲಿ ಎಲ್ಲಿ ಸಿಕ್ಕಿತೋ. ಉಣ್ಣುವ ಮುಂಚೆ ಒಂದು ಚೂರು ರೊಟ್ಟಿ, ಒಂದು ಚಮಚ ಸಾರು ಡೇರೆಯ ಹೊರಗಿನ ಕಲ್ಲಿನ ಮೇಲೆ ಇಟ್ಟು ಕೈಮುಗಿದಳು. ಅಪ್ಪನ ಕಾಲದಿಂದಲೂ ಎಡೆ ಇಡುವುದು ಹೀಗೆಯೇ. ದೇವರು ಬರದಿದ್ದರೆ ನಾಯಿ ತಿನ್ನುತ್ತಿತ್ತು, ಯಾರಿಗೂ ತಕರಾರು ಇರಲಿಲ್ಲ.

ಮಾರ್ಥಾ ಅದನ್ನು ಕಂಡು ಹೌಹಾರಿದಳು. ಆ ಬೆಟ್ಟದಲ್ಲಿ ಕರಡಿಗಳಿವೆ. ಅನ್ನದ ಒಂದು ಅಗುಳೂ ಹೊರಗಿರಬಾರದು, ಎಲ್ಲವನ್ನೂ ಚೀಲಕ್ಕೆ ತುಂಬಿ ದೂರದ ಮರಕ್ಕೆ ನೇತುಹಾಕಬೇಕು. ಅಕ್ಕ ಮೆಲ್ಲಗೆ ವಿವರಿಸಿದಳು.  ಮಾರ್ಥಾ ಎಡೆಯನ್ನು ಎಸೆಯಲಿಲ್ಲ. ಒಂದು ಶುಭ್ರ ಕಾಗದದಲ್ಲಿ ಜೋಪಾನವಾಗಿ ಸುತ್ತಿದಳು. ಊಟದ ಚೀಲದ ಎಲ್ಲಕ್ಕಿಂತ ಮೇಲೆ ಇಟ್ಟು, ಹಗ್ಗ ಎಳೆದು ಮರಕ್ಕೆ ಏರಿಸಿದಳು.

"ದೇವ್ರನ್ನ ಗಿಡಕ್ಕ ಏರ್ಸಿದ್ಲು," ಎಂದಳು ಅಕ್ಕ. ಹೇಳುತ್ತ ಮಾರ್ಥಾಳ ಕೈ ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

ಊಟ ಅವಳಿಗೆ ಸೇರಲಿಲ್ಲ.

ಕಾಲುದಾರಿ

ಬೆಳಿಗ್ಗೆ ಅವಳ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಮಾರ್ಥಾ ಇವತ್ತು ಬೇಡ, ನಾಳೆ ಹೋಗೋಣ ಎಂದಳು. ಅಕ್ಕ ಇಂಗ್ಲಿಷಿನಲ್ಲಿ ಏನೋ ಚಿಕ್ಕದಾಗಿ ಹೇಳಿದಳು. ಮಾರ್ಥಾ ಮರುಮಾತಾಡದೆ ಜೀನು ತರಲು ಹೋದಳು. ಏನು ಹೇಳಿದೆ ಎಂದು ಅಕ್ಕನನ್ನು ಕೇಳಿದೆ.

"ಆಸ್ಪತ್ರ್ಯಾಗ ನಾವಿಬ್ರೂ ಇಂಥಾ ಮಂದಿಗೆ ನಾಳಿ ಅಂತ ಹೇಳೂದನ್ನ ಯಾವಾಗ ಬಿಡ್ತಿದ್ವಿ, ನೆನಪೈತೇನು ಅಂದೆ."

ಟ್ರೇಲರಿನಲ್ಲಿ ಹಿಡಿಯುವುದು ಎರಡೇ ಕುದುರೆ. ಆದ್ದರಿಂದ ರೋಸಿಯ ಮೇಲೆ ಮಾರ್ಥಾ, ಡ್ಯೂಕ್ ಮೇಲೆ ಅಕ್ಕ, ನಾನು ಕಾಲ್ನಡಿಗೆ ಎಂದು ಮೊದಲೇ ಗೊತ್ತು ಮಾಡಿದ್ದರು. ಡ್ಯೂಕ್‌ನನ್ನು ಒಂದು ದಿಣ್ಣೆಯ ಪಕ್ಕ ನಿಲ್ಲಿಸಿ ಅಕ್ಕನನ್ನು ಹತ್ತಿಸುವ ಮುಂಚೆ ಅವಳು ಭಂಡಾರದ ಗಂಟನ್ನು ನನ್ನ ಕೈಗೆ ಕೊಟ್ಟಳು.

"ನೀ ಹಿಡ್ಕ. ಅದೂ ನಾನೂ ಕೂಡಿ ಕುದುರಿ ಮ್ಯಾಲ ಕುಂದ್ರಬಾರದು."

"ಅಮೆರಿಕದಾಗೂ ಏನಕ್ಕ?"

"ಮೈಲಾರಲಿಂಗನೂ ಬಂದಾನಲ್ಲೋ ನನ್ನ್ ಜೊತಿ."

ಹತ್ತಿ ಕೂತಳು. ನಲವತ್ತೇಳೋ ನಲವತ್ತೆಂಟೋ ವರ್ಷದ ಹೆಂಗಸು, ಬದುಕಿನಲ್ಲಿ ಮೊದಲ ಸಲ. ನಾನು ಮೇಲಕ್ಕೆ ನೋಡಿದೆ. ಅವಳನ್ನು ಆ ದಿಕ್ಕಿನಿಂದ ಯಾವತ್ತೂ ನೋಡಿರಲಿಲ್ಲ. ಅವಳು ನಗುತ್ತಿದ್ದಳು ಎಂದು ನನ್ನ ನೆನಪು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಹಲ್ಲು ಕಚ್ಚಿಕೊಂಡದ್ದೂ ಇರಬಹುದು.

ದಾರಿ ಮರಗಳ ನಡುವೆ ಸುತ್ತಿ ಸುತ್ತಿ ಏರುತ್ತಿತ್ತು. ಬೇಕಿಲ್ಲದಿದ್ದರೂ ನಾನು ಡ್ಯೂಕ್‌ನ ಹಗ್ಗ ಹಿಡಿದು ಮುಂದೆ ನಡೆದೆ. ಕೂಡ್ಲಿಗಿಯ ಗುಡ್ಡಗಳಲ್ಲಿ ಕಾಲಿಟ್ಟರೆ ಕಲ್ಲು ಸದ್ದು ಮಾಡುತ್ತದೆ, ಜಾಲಿಯ ಮುಳ್ಳು ಮಾತಾಡಿಸುತ್ತದೆ. ಇಲ್ಲಿ ನೆಲಕ್ಕೆ ಪೈನ್ ಎಲೆಯ ಹಾಸು, ಗೊರಸಿನ ಸದ್ದು ಕೂಡ ಇಲ್ಲ.  

ಮರಗಳು ಸ್ವಲ್ಪ ತೆರವಾದ ಒಂದು ಕಡೆ ಅಕ್ಕ ಹೇಳಿದಳು, "ಇಳಸೋ."

"ನೋವೇನು?"

"ಅದು ದಿನಾ ಇರ್ತೈತಿ. ಇಳಸು ಅಂದ್ರ ಇಳಸು."

ಮಾರ್ಥಾ ರೋಸಿಯಿಂದ ಇಳಿದು ಓಡಿ ಬಂದಳು. ಇಬ್ಬರೂ ಸೇರಿ ಇಳಿಸಿದೆವು. ಅಕ್ಕ ಜೀನನ್ನು ಹಿಡಿದುಕೊಂಡು ನಿಂತಳು. ಹಣೆಯ ತುಂಬ ಬೆವರು.

"ಮ್ಯಾಲ ಕುಂತ್ರ ಏನೂ ಕಾಣಂಗಿಲ್ಲೋ ಬೀರ. ಬರೇ ಎರಡು ಕಿವಿ ಕಾಣ್ತಾವ. ಇಷ್ಟು ವರ್ಷ ಅಲ್ಲೇನ್ ಸುಖ ಐತೋ ಅನ್ಕೊಂಡಿದ್ದೆ." ಉಸಿರು ತೆಗೆದುಕೊಂಡಳು. "ನೀ ಹತ್ತು. ಗಂಟೂ ನಿನ್ ಹತ್ರನ ಇರ್ಲಿ. ನಾ ಹಿಂದ ಬರ್ತೀನಿ."

"ನಡಿಯಾಕ ಆಗಂಗಿಲ್ಲಕ್ಕ ನಿಂಗ."

"ಇಲ್ಲಿ ನರ್ಸು ಯಾರು, ನೀನೋ ನಾನೋ?"

ಮಾರ್ಥಾಳ ಕಡೆ ನೋಡಿದೆ. ಅವಳಿಗೆ ನಮ್ಮ ಮಾತು ತಿಳಿಯದು. ಆದರೂ ಹತ್ತು ಎನ್ನುವಂತೆ ತಲೆಯಾಡಿಸಿದಳು. ನಾನು ಹತ್ತಿದೆ, ಹತ್ತುವಾಗ ಒಮ್ಮೆ ಜಾರಿದೆ. ಅಕ್ಕ ಡ್ಯೂಕ್‌ನ ಬೆನ್ನಿನ ಹಿಂಭಾಗಕ್ಕೆ ಅಂಗೈಯಿಂದ ತಟ್ಟಿ, ಅಪ್ಪ ಹಿಂಡನ್ನು ಎಬ್ಬಿಸುವಾಗ ಮಾಡುತ್ತಿದ್ದ ಸದ್ದು ಮಾಡಿದಳು. ಗಂಟಲಿನಿಂದ ಬರುವ, ಅಕ್ಷರದಲ್ಲಿ ಬರೆಯಲಾಗದ ಸದ್ದು. ಆ ಅಮೆರಿಕದ ಕುದುರೆ ಕಿವಿ ಹಿಂದಕ್ಕೆ ತಿರುಗಿಸಿ ನಡೆಯಿತು.

ಅಲ್ಲಿಂದ ಮುಂದೆ ದಾರಿಯಲ್ಲಿ ಕಲ್ಲುಗಳಿದ್ದವು. ಹಿಂದಿನಿಂದ ಅವಳ ಬೂಟಿನ ಸದ್ದು ಕೇಳುತ್ತಿತ್ತು, ಜೊತೆಗೆ ಉಸಿರು, ಅವಳ ಹಿಂದೆ ರೋಸಿಯ ಮೇಲೆ ಮಾರ್ಥಾ. ಕುದುರೆಯ ಮೇಲೆ ಕೂತವನಿಗೆ ಹಿಂದೆ ತಿರುಗುವ ಧೈರ್ಯ ಇರಲಿಲ್ಲ. ಬಿದ್ದೇನೆಂಬ ಭಯ. ಮುಂದೆ ನೋಡುತ್ತ ಕೂತೆ. ಅವಳು ಹೇಳಿದ್ದು ನಿಜ, ಎರಡು ಕಿವಿಗಳ ಹೊರತು ಏನೂ ಕಾಣುವುದಿಲ್ಲ. ಸ್ವಲ್ಪ ದೂರ ಹೋದ ಮೇಲೆ ಸದ್ದು ಇಲ್ಲ ಅನ್ನಿಸಿತು. ಯಾವಾಗ ನಿಂತಿತೋ ತಿಳಿಯಲಿಲ್ಲ. ಕೊನೆಗೆ ತಿರುಗಿ ನೋಡಿದರೆ ದಾರಿಯ ತಿರುವಿನಲ್ಲಿ, ಬಿದ್ದ ಮರವೊಂದರ ಮೇಲೆ ಅವಳು ಕೂತಿದ್ದಳು. ಮಾರ್ಥಾ ರೋಸಿಯಿಂದ ಇಳಿದು ಅವಳ ಬೆನ್ನಿಗೆ ತನ್ನ ಭುಜ ಕೊಟ್ಟಿದ್ದಳು.

ನಾನು ಇಳಿಯಲು ಹೊರಟೆ. "ಇಳಿಬ್ಯಾಡ," ಎಂದು ಅಕ್ಕ ಕೂಗಿದಳು. ಆ ದನಿಯಲ್ಲಿ ಇನ್ನೂ ಬಲ ಇತ್ತು. "ನನ್ನ ದಾರಿ ಇಲ್ಲಿಗ್ಯಾತು. ನೀ ಹೋಗಿ ನೋಡ್ಕೊಂಡ್ ಬಾ. ಹುಲ್ಲು ನೋಡು. ಸುಮ್ಮ ಕಲ್ಲು ಗಿಲ್ಲು ನೋಡ್ಕೊಂತ ನಿಂದ್ರಬ್ಯಾಡ."

ಮಾರ್ಥಾ, "ಡ್ಯೂಕ್‌ಗೆ ದಾರಿ ಗೊತ್ತು. ಲಗಾಮು ಸಡಿಲ ಬಿಡಿ, ನೀವೇನೂ ಮಾಡಬೇಡಿ," ಎಂದಳು.

"ಪ್ರೊಫೆಸರಗಿಂತ ಕುದುರಿ ಮ್ಯಾಲ ಅಕಿಗೆ ನಂಬಿಕಿ," ಎಂದು ಅಕ್ಕ ಕನ್ನಡದಲ್ಲಿ ಸೇರಿಸಿದಳು.

ಸರೋವರ

ಇದನ್ನು ಬರೆಯುವುದು ಕಷ್ಟ. ನೋಡಿದ್ದು ಯಾವುದು, ಆಮೇಲೆ ಹೇಳಿದ್ದು ಯಾವುದು ಎಂದು ಬಿಡಿಸಲು ಬಹಳ ಸಲ ಕೂತಿದ್ದೇನೆ.

ಮರಗಳು ಮುಗಿದದ್ದು ಖಚಿತ. ನೀರು ಇದ್ದದ್ದು ಖಚಿತ. ನಮ್ಮ ಕೆರೆಗಳ ಕೆಂಪು ನೀರಲ್ಲ, ಹಸಿರೂ ಅಲ್ಲದ ನೀಲಿಯೂ ಅಲ್ಲದ ಬಣ್ಣ. ಅದರ ಹಿಂದೆ ಬೆಟ್ಟದ ಸಂದಿಯಲ್ಲಿ ಬೇಸಿಗೆಯಲ್ಲೂ ಕರಗದ ಹಿಮ. ಹುಲ್ಲು ಇತ್ತು. ಮಾರ್ಥಾ ಹೇಳಿದಂತೆ ಮೊಣಕಾಲ ಮಟ. ಗಾಳಿ ಬಂದಾಗ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬಾಗುತ್ತಿತ್ತು. ಅಪ್ಪ ತನ್ನ ಆಯುಷ್ಯವಿಡೀ ಹುಡುಕುತ್ತ ನಡೆದದ್ದು ಇಲ್ಲಿ ಸುಮ್ಮನೆ ಬಿದ್ದಿತ್ತು. ನನಗೆ ಸಂತೋಷವಾಗಲಿಲ್ಲ. 

ಡ್ಯೂಕ್ ನನ್ನನ್ನು ಕೇಳದೆ ತಲೆ ತಗ್ಗಿಸಿ ಮೇಯತೊಡಗಿತು. ನಾನು ಇಳಿದು ಒಂದು ಹಿಡಿ ಹುಲ್ಲು ಕಿತ್ತುಕೊಂಡೆ. ಆಚೆ ದಂಡೆಯ ಮೇಲೆ ಅಲ್ಲಲ್ಲಿ ಚುಕ್ಕೆಗಳಂತೆ ಏನೋ ಕಂಡವು. ಬಂಡೆಗಳಿರಬಹುದು. ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಗಾಳಿಗೇ ಎಂದು ಹೇಳಲೂ ಆಗದು. ಅವು ಚಲಿಸಿದವೇ? ದಿಟ್ಟಿಸಿ ನೋಡಬೇಕಿತ್ತು. ಕೆಳಗೆ ಅವಳು ಕಾಯುತ್ತಿದ್ದಳು, ನೋಡುತ್ತ ನಿಲ್ಲಲಿಲ್ಲ.

ಬಿದ್ದ ಮರದ ಹತ್ತಿರ

ಅಕ್ಕ ಮಾರ್ಥಾಳ ಕೋಟು ಹೊದ್ದುಕೊಂಡಿದ್ದಳು. ನಾನು ಇಳಿಯುವ ಮುಂಚೆಯೇ ಕೇಳಿದಳು.

"ಐತೇನೋ?"

"ಐತಿ. ಮೊಣಕಾಲ ಮಟ."

ಹಿಡಿಯಲ್ಲಿದ್ದ ಹುಲ್ಲು ಕೊಟ್ಟೆ. ಅವಳು ಒಂದು ಎಸಳು ಹಲ್ಲಿನ ನಡುವೆ ಇಟ್ಟು ಕಚ್ಚಿದಳು. ಅಪ್ಪ ಹೊಸ ಕಡೆ ಹಿಂಡು ಬಿಡುವ ಮುಂಚೆ ಹೀಗೆ ಕಚ್ಚಿ ನೋಡುತ್ತಿದ್ದ.

"ಸಿಹಿ ಐತಿ," ಎಂದಳು. "ಎಷ್ಟು ದೂರ ಐತಿ?"

"ಕಣ್ಣು ಹೋಗೂ ತನಕ."

ಅವಳು ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಮುಖ ಬಾಡಿತು. ಕೈಯಲ್ಲಿದ್ದ ಹುಲ್ಲನ್ನು ಬೆರಳಿನಿಂದ ಸವರುತ್ತ ಕೂತಳು.

"ಹಂಗಾರ ಅಷ್ಟೂ ನಿಂತಲ್ಲೇ ಒಣಗಿ ಹೊಕ್ಕೈತೇನೋ? ಯಾರೂ ಬರಂಗೇ ಇಲ್ಲೇನು?"

ವರ್ಷಗಟ್ಟಲೆ ರಾತ್ರಿಪಾಳಿಯಲ್ಲಿ ಅವಳನ್ನು ಎಚ್ಚರವಾಗಿಟ್ಟಿದ್ದ ಹುಲ್ಲು ಅದು. ಕುರಿಯವರ ಮಗಳಿಗೆ ಯಾರೂ ಮೇಯಿಸದ ಹುಲ್ಲೆಂದರೆ ದೂರದಿಂದ ಆಸೆ, ಹತ್ತಿರದಿಂದ ಸಂಕಟ ಎಂಬುದು ನನಗೆ ಆಗ ಹೊಳೆಯಿತು.

"ಇಲ್ಲಕ್ಕ," ಎಂದೆ. "ಆಚಿ ದಂಡಿಗೆ ಕುರಿ ಇದ್ವು."

ಕತ್ತೆತ್ತಿದಳು. "ಖರೇನ?"

"ಖರೇ."

"ಬಿಳಿಯವೋ, ಕರಿಯವೋ?"

"ಕರಿಯವು."

ನನ್ನನ್ನೇ ನೋಡಿದಳು. ಕುದುರೆಯ ಬಣ್ಣ, ಹೊಳೆಯ ಆಳ, ಯಾವುದನ್ನೂ ಬಿಟ್ಟುಕೊಡದವಳು. ಸುಳ್ಳ ಎನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ.

"ಮರಿ ಇದ್ವೇನು?"

"ಇದ್ವು. ಸಣ್ಣವು. ಹಿಂದ ಬೀಳ್ತಿದ್ವು."

"ಹಿಂದ ಯಾರರ ಇದ್ರೇನೋ, ಎತ್ಕೊಳಾಕ?"

"ಒಬ್ಬ ಹುಡುಗಿ ಇದ್ಲು," ಎಂದೆ.

ಅಕ್ಕ ಕಣ್ಣು ಮುಚ್ಚಿ ಮಾರ್ಥಾಳ ಭುಜಕ್ಕೆ ತಲೆ ಇಟ್ಟಳು. ಹುಲ್ಲು ಮುಷ್ಟಿಯಲ್ಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಇಂಗ್ಲಿಷಿನಲ್ಲಿ ಮಾರ್ಥಾಗೆ ಮೆಲ್ಲಗೆ ಹೇಳತೊಡಗಿದಳು, ಸರೋವರದ ಆಚೆ ಏನೇನಿತ್ತು ಅಂತ. ಮಾರ್ಥಾ ಕೇಳಿದಳು. ನನ್ನ ಕಡೆ ತಿರುಗಿ ನೋಡಲಿಲ್ಲ.

ಹೊಸಪೇಟೆ

ರಜೆ ಮುಗಿದಿತ್ತು, ವೀಸಾ ಮುಗಿದಿತ್ತು. ಅಕ್ಕ ಬಾಗಿಲ ತನಕ ಬಂದು, "ಹುಡುಗ್ರಿಗೆ ಚೆಂದಾಗಿ ಕಲಸು," ಎಂದಳು. ಚಳಿ ಬೀಳುವ ಮೊದಲೇ ಹೋದಳು. ಪ್ರಿನ್ಸಿಪಾಲರ ಕೋಣೆಯ ಫೋನಿನಲ್ಲಿ ಮಾರ್ಥಾ ಸುದ್ದಿ ಹೇಳಿದಳು. ತಂತಿಯಲ್ಲಿ ಗಾಳಿ ಬೀಸಿದಂಥ ಸದ್ದು. ನಿಧಾನವಾಗಿ, ನನಗೆ ತಿಳಿಯುವಂಥ ಇಂಗ್ಲಿಷಿನಲ್ಲಿ ಮಾತಾಡಿದಳು.

ಕೊನೆಯ ವಾರಗಳಲ್ಲಿ ಅಕ್ಕ ವಾರ್ಡಿಗೆ ಬಂದವರಿಗೆಲ್ಲ ಆ ಕುರಿಗಳ ವಿಷಯ ಹೇಳುತ್ತಿದ್ದಳಂತೆ. ಹಿಮ ಬೀಳುವ ಮುಂಚೆ ಅವುಗಳನ್ನು ಕೆಳಗೆ ಇಳಿಸಿದರೋ ಇಲ್ಲವೋ ಎಂಬ ಚಿಂತೆ ಹತ್ತಿತ್ತಂತೆ. ತಡೆಯಲಾರದೆ ಮಾರ್ಥಾ ಒಂದು ದಿನ ಟ್ರೇಲರು ಕಟ್ಟಿಕೊಂಡು ಒಬ್ಬಳೇ ಮತ್ತೆ ಅಲ್ಲಿಗೆ ಹೋದಳು, ಸರೋವರದ ತನಕ ಹತ್ತಿದಳು.

"ಬಂದು ಅವಳಿಗೆ ಹೇಳಿದೆ. ಕುರಿಗಳೆಲ್ಲ ಕೆಳಗೆ ಇಳಿದಿವೆ, ಆ ಹುಡುಗಿಯೂ ಜೊತೆಗೆ ಇದ್ದಾಳೆ, ನಾನೇ ಕಂಡೆ ಅಂತ. ಆಮೇಲೆ ನೆಮ್ಮದಿಯಾಗಿ ಮಲಗಿದಳು."

ನನ್ನ ವಿದ್ಯೆಯ ಪ್ರಕಾರ ಇದು ಎರಡನೆಯ ಸಾಕ್ಷಿ. ಕೇಳಬಾರದಿತ್ತು. ಕೇಳಿಬಿಟ್ಟೆ.

"ನಿಜವಾಗಿ ಇದ್ದವೇ, ಮಾರ್ಥಾ?"

 

"ನೀವೇ ನೋಡಿದ್ದಿರಲ್ಲ," ಎಂದಳು.

"ಹೌದು," ಎಂದೆ. "ನೋಡಿದ್ದೆ."